ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು

ತಂಗಿ, ಸ್ಲ್ಯಾಬಿನ ಮೇಲೆ ಡಬ್ಬಿಯಲ್ಲಿ ಹಚ್ಚಿದ ಗಿಡದ ಎಲೆ ಹಳದಿಯಾಯಿತೆಂದರೆ ನಮ್ಮ ಸೋನ್ಯಾಳದಲ್ಲಿ ಎಲ್ಲರ ಕೈ ಮೊದಲು ಹೋಗುವುದು ಯೂರಿಯಾ ಚೀಲಕ್ಕೆ. ಹೊಲಕ್ಕೆಂದು ತಂದದ್ದು ಮನೆಯಲ್ಲೇ ಇರುತ್ತದೆ, ಒಂದು ಮುಷ್ಟಿ ಉಗ್ಗಿದರೆ ಆಯಿತು ಅಂತ. ಆ ಕೈಯನ್ನು ಸ್ವಲ್ಪ ತಡೆ. ಮೊದಲು ಒಂದು ಲೆಕ್ಕ ಮಾಡು. ಬಣ್ಣದ ಡಬ್ಬಿಯ ಬಾಯಿ ಸುಮಾರು 11 ಇಂಚು ಅಗಲ. ಒಂದು ಮುಷ್ಟಿ ಯೂರಿಯಾ ಹತ್ತಿರ ಹತ್ತಿರ 40 ಗ್ರಾಂ. ಅಷ್ಟು ಜಾಗಕ್ಕೆ ಅಷ್ಟು ಹಾಕುವುದೆಂದರೆ ಎಕರೆಗೆ 45 ಕಿಲೋದ ಚೀಲಗಳನ್ನು 50ಕ್ಕಿಂತ ಹೆಚ್ಚು ಸುರಿದ ಹಾಗೆ. ಯಾವ ರೈತನೂ ತನ್ನ ಹೊಲಕ್ಕೆ ಹೀಗೆ ಸುರಿಯುವುದಿಲ್ಲ. ಡಬ್ಬಿಯ ಗಿಡಕ್ಕೆ ಮಾತ್ರ ನಾವು ಪ್ರೀತಿಯಿಂದಲೇ ಇದನ್ನು ಮಾಡುತ್ತೇವೆ.

ಹೊಲದ ಗಿಡಕ್ಕೆ ಬೇರು ಇಳಿಸಲು ಜಾಗವಿದೆ. ಮೇಲಿನ ಮಣ್ಣಿನಲ್ಲಿ ಸಿಗದ್ದನ್ನು ಕೆಳಗೆ ಹುಡುಕುತ್ತದೆ. ಡಬ್ಬಿಯ ಬದನೆಗೆ ಆ ಅವಕಾಶವಿಲ್ಲ. ನೀನು ತುಂಬಿದ ಮಣ್ಣು, ನೀನು ಹಾಕಿದ ಗೊಬ್ಬರ, ನೀನು ಹೊಯ್ದ ನೀರು, ಇಷ್ಟೇ ಅದರ ಲೋಕ. ಹೀಗಾಗಿ ಕೊರತೆ ಬಂದರೂ ಬೇಗ ಕಾಣುತ್ತದೆ, ಹೆಚ್ಚಾದರೂ ಬೇಗ ಸುಡುತ್ತದೆ. ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಜತ್ತ ತಾಲೂಕಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿಯ ಡಬ್ಬಿಗಳಲ್ಲಿ ಬಹಳ ಸಲ ಪೋಷಕಾಂಶ ಇರುತ್ತದೆ, ಆದರೆ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ಅದನ್ನು ಕಟ್ಟಿಹಾಕುವುದು ನಮ್ಮ ಮಣ್ಣಿನ ಸುಣ್ಣ, ಮತ್ತು ಅದಕ್ಕಿಂತ ಹೆಚ್ಚಾಗಿ ನಮ್ಮ ಬೋರಿನ ನೀರು. ಇದೊಂದು ನಿನಗೆ ಮನವರಿಕೆಯಾದರೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುತ್ತದೆ. ಚೀಲ, ಪುಡಿಕೆಗಳ ಮೇಲಿನ ಬರಹವೆಲ್ಲ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಿನ್ನಂಥವರಿಗೆ ಒಮ್ಮೆ ಎಲ್ಲವನ್ನೂ ಕೂಡಿಸಿ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನೀರು ಕಾಯಿಸುವ ಹಂಡೆಯ ಒಳಗೆ ಬೆಳ್ಳನೆಯ ಪದರು ಕಟ್ಟುವುದನ್ನು ದಿನಾ ನೋಡುತ್ತೀಯಲ್ಲ, ಅದೇ ಸುಣ್ಣ ನಿನ್ನ ಡಬ್ಬಿಯ ಮಣ್ಣಿನಲ್ಲೂ ಕೂಡುತ್ತ ಹೋಗುತ್ತದೆ. ನೀರನ್ನು ಗಿಡ ಕುಡಿಯುತ್ತದೆ, ಬಿಸಿಲು ಹೀರುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಡಬ್ಬಿಯ ಅಂಚಿಗೆ, ಕೆಳಗಿನ ತೂತಿನ ಸುತ್ತ ಬಿಳಿ ಕಲೆ ಕಂಡರೆ ಅದು ಶುರುವಾಗಿದೆ ಅಂತ ಅರ್ಥ. ಪರೀಕ್ಷೆ ಬೇಕೆಂದರೆ ಒಂದು ಚಮಚ ಒಣಮಣ್ಣು ತೆಗೆದು ಬಿಳಿ ವಿನೆಗರ್ ನಾಲ್ಕು ಹನಿ ಬಿಡು. ಕಿವಿ ಹತ್ತಿರ ಹಿಡಿದರೆ ಚುಂಯ್ ಅನ್ನುವುದು ಕೇಳಿಸಿ, ಗುಳ್ಳೆ ಎದ್ದರೆ ಸುಣ್ಣವಿದೆ. ಗುಳ್ಳೆ ಜೋರಾಗಿದ್ದಷ್ಟೂ ಸುಣ್ಣ ಹೆಚ್ಚು. ನಮ್ಮೂರಿನ ಎರೆಮಣ್ಣಿಗೂ ಗರಸಿಗೂ ಈ ಗುಳ್ಳೆ ಏಳದೆ ಇರುವುದು ಅಪರೂಪ.

ಈಗ ಎಲೆಗೆ ಬರೋಣ. ಎಲೆ ಹಳದಿಯಾಗಿದೆ ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಯಾವ ಎಲೆ? ಕೆಳಗಿನ ಹಳೆಯದೋ, ತುದಿಯ ಹೊಸದೋ? ನಿದಾನದ ಅರ್ಧ ಕೆಲಸ ಈ ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ. ಸಾರಜನಕ, ರಂಜಕ, ಪೊಟ್ಯಾಶ್, ಮ್ಯಾಗ್ನೇಶಿಯಂ ಈ ನಾಲ್ಕು ಗಿಡದ ಮೈಯೊಳಗೆ ಓಡಾಡುತ್ತವೆ. ಕಡಿಮೆ ಬಿದ್ದಾಗ ಗಿಡ ಅವನ್ನು ಹಳೆಯ ಎಲೆಯಿಂದ ಎತ್ತಿ ಹೊಸ ಚಿಗುರಿಗೆ ಕಳಿಸುತ್ತದೆ, ಮನೆಯಲ್ಲಿ ರೊಟ್ಟಿ ಕಡಿಮೆ ಬಿದ್ದ ದಿನ ಹಿರಿಯರು ತಮ್ಮ ಪಾಲನ್ನು ಮಕ್ಕಳ ತಾಟಿಗೆ ಹಾಕುವ ಹಾಗೆ. ಆದ್ದರಿಂದ ಇವುಗಳ ಕೊರತೆ ಮೊದಲು ಕೆಳಗಿನ ಎಲೆಯಲ್ಲಿ ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಒಮ್ಮೆ ಒಂದು ಎಲೆ ಸೇರಿದರೆ ಅಲ್ಲಿಂದ ಅಲ್ಲಾಡುವುದಿಲ್ಲ. ಗಂಧಕ, ಸತು, ಮ್ಯಾಂಗನೀಸ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಇವುಗಳ ಕೊರತೆ ಮೇಲಿನ ಚಿಗುರಿನಲ್ಲಿ ಕಾಣುತ್ತದೆ. ಗಿಡದ ಮುಂದೆ ಕುಳಿತು, ಕಣ್ಣಿಗೆ ಸಮನಾಗಿ, ಬುಡದಿಂದ ತುದಿಯವರೆಗೆ ಒಮ್ಮೆ ನೋಡು. ನಿಂತು ಮೇಲಿಂದ ನೋಡಿದರೆ ಕೆಳಗಿನ ಎಲೆ ಕಾಣುವುದೇ ಇಲ್ಲ.

ಕೆಳಗಿನ ಎಲೆ ನರ ಸಮೇತ ಪೂರ್ತಿ ತಿಳಿಹಳದಿಯಾಗಿ, ಗಿಡ ಸಣಕಲಾಗಿ, ಹೊಸ ಎಲೆ ಚಿಕ್ಕದಾದರೂ ಹಸಿರಾಗಿದ್ದರೆ ಸಾರಜನಕದ ಹಸಿವು. ಯೂರಿಯಾ ಬೇಕೆನಿಸುವುದು ಇಲ್ಲಿ ಮಾತ್ರ, ಅದೂ ಒಂದು ಲೀಟರ್ ನೀರಿಗೆ 1 ಗ್ರಾಂ ಕರಗಿಸಿ, ಒದ್ದೆ ಮಣ್ಣಿಗೆ. ಮೆಂತೆ, ರಾಜಗಿರಿಯಂಥ ಪಲ್ಯವನ್ನು ಒಂದೇ ಡಬ್ಬಿಯಲ್ಲಿ ಮತ್ತೆ ಮತ್ತೆ ಕೊಯ್ದಾಗ ಇದು ಬರುತ್ತದೆ. ಅದಕ್ಕೆ ಯೂರಿಯಾಕ್ಕಿಂತ ಚೆನ್ನಾಗಿ ಕಳಿತ ಗೊಬ್ಬರವೇ ಮೇಲು.

ಕೆಳಗಿನ ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾಗಿ ಒಳಗೆ ಹಸಿರಿದ್ದರೆ ಪೊಟ್ಯಾಶ್ ಕೊರತೆ ಇರಬಹುದು. ಉಪ್ಪು ನೀರಿನ ಸುಡುವಿಕೆಯೂ ಅಂಚಿನಿಂದಲೇ ಶುರುವಾಗುತ್ತದೆ, ಇಲ್ಲಿ ಮೋಸ ಹೋಗುವವರು ಬಹಳ. ಮಣ್ಣಿನ ಮೇಲೆ ಬಿಳಿ ಪುಡಿ ಇದ್ದು ಅಂಚು ಸುಟ್ಟಿದ್ದರೆ ಅದು ಉಪ್ಪು. ಅದಕ್ಕೆ ಮತ್ತೆ ಪೊಟ್ಯಾಶ್ ಹಾಕಿದರೆ ಉಪ್ಪಿಗೆ ಉಪ್ಪು ಸೇರಿಸಿದ ಹಾಗೆ.

ಟೊಮ್ಯಾಟೊ ಕಾಯಿ ತುಂಬುವ ಹೊತ್ತಿಗೆ ಕೆಳಗಿನ ಎಲೆಯ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾದರೆ ಮ್ಯಾಗ್ನೇಶಿಯಂ. ದಾಳಿಂಬೆ, ದ್ರಾಕ್ಷಿ ಇರುವ ಮನೆಯಲ್ಲಿ ಇದಕ್ಕೊಂದು ಕಾರಣವೂ ಸಿಗುತ್ತದೆ: ತೋಟಕ್ಕೆ ಡ್ರಿಪ್ಪಿನಲ್ಲಿ ಬಿಡಲು ತಂದ 0:0:50, 13:0:45 ಎಂಬ ಪೊಟ್ಯಾಶ್ ಗೊಬ್ಬರದ ಚೀಲದಿಂದ ಚಮಚ ಚಮಚ ತಂದು ಡಬ್ಬಿಗೆ ಹಾಕಿರುತ್ತಾರೆ. ಪೊಟ್ಯಾಶ್ ಅತಿಯಾದರೆ ಬೇರು ಮ್ಯಾಗ್ನೇಶಿಯಂ ಎತ್ತಿಕೊಳ್ಳುವುದು ಕುಗ್ಗುತ್ತದೆ. ಲೀಟರಿಗೆ 5 ಗ್ರಾಂ ಮ್ಯಾಗ್ನೇಶಿಯಂ ಸಲ್ಫೇಟ್ ಸಂಜೆ ಎಲೆಗೆ ಸಿಂಪಡಿಸು, ಪೊಟ್ಯಾಶಿನ ಚಮಚ ನಿಲ್ಲಿಸು.

ರಂಜಕದ ವಿಷಯ ಬೇಗ ಮುಗಿಸುತ್ತೇನೆ. ಮಾಗಿಯ ಚಳಿಯಲ್ಲಿ ಟೊಮ್ಯಾಟೊ ಸಸಿಯ ಎಲೆಯ ಕೆಳಮೈ ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಮಣ್ಣು ತಣ್ಣಗಿದ್ದಾಗ ಬೇರು ರಂಜಕ ಎತ್ತಲಾರದು, ಬಿಸಿಲು ಏರಿದ ಮೇಲೆ ಹೊಸ ಎಲೆ ಸರಿಯಾಗಿ ಬರುತ್ತದೆ. ಎಲುಬಿನ ಪುಡಿ ಒಳ್ಳೆಯದೆಂದು ಯಾರಾದರೂ ಹೇಳಿಯಾರು. ಹುಳಿ ಮಣ್ಣಿನಲ್ಲಿ ಅದು ಕರಗುತ್ತದೆ, ನಮ್ಮ ಸುಣ್ಣದ ಮಣ್ಣಿನಲ್ಲಿ ಹಾಗೇ ಕೂತಿರುತ್ತದೆ.

ಇನ್ನು ಮೇಲಿನ ಎಲೆಗಳು. ನಮ್ಮ ಭಾಗದ ನಿಜವಾದ ರೋಗ ಇಲ್ಲಿದೆ, ಇಲ್ಲಿ ಸ್ವಲ್ಪ ನಿಲ್ಲೋಣ.

ತುದಿಯ ಎಳೆ ಎಲೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡು. ನಡುನರ, ಅದರಿಂದ ಒಡೆದ ಕವಲು ನರ, ಕೂದಲಿನಷ್ಟು ಸಣ್ಣ ನರ ಕೂಡ ಹಸಿರು ಗೆರೆಯಾಗಿ ಸ್ಪಷ್ಟವಾಗಿ ಕಾಣುತ್ತಿದ್ದು ಉಳಿದ ಮೈಯೆಲ್ಲ ನಿಂಬೆ ಬಣ್ಣಕ್ಕೆ ತಿರುಗಿದ್ದರೆ ಅದು ಕಬ್ಬಿಣದ ಕೊರತೆ. ಬಿಟ್ಟರೆ ಎಲೆ ಹಾಲಿನಂತೆ ಬೆಳ್ಳಗಾಗಿ ಅಂಚಿನಿಂದ ಒಣಗುತ್ತದೆ. ಅದೇ ಗಿಡದ ಕೆಳಗಿನ ಎಲೆ ಮಾತ್ರ ಕಡುಹಸಿರಾಗಿ ಆರೋಗ್ಯದಿಂದ ಇರುತ್ತದೆ. ಮಳೆ ಹಿಡಿದು ಹೊಲದಲ್ಲಿ ನೀರು ನಿಂತಾಗ ಶೇಂಗಾ ಇದ್ದಕ್ಕಿದ್ದಂತೆ ಹಳದಿಯಾಗಿ, ಮಣ್ಣು ಆರಿದ ಮೇಲೆ ಮತ್ತೆ ಹಸಿರಾಗುವುದನ್ನು ನೀನು ಕಂಡಿದ್ದೀ. ಅದೂ ಇದೇ.

ನಮ್ಮ ಮಣ್ಣಿನಲ್ಲಿ ಕಬ್ಬಿಣ ಕಡಿಮೆಯೇ? ಖಂಡಿತ ಇಲ್ಲ. ಎರೆಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೆ ಮಣ್ಣಿನ ಪಿಎಚ್, ಅಂದರೆ ಹುಳಿ ಕಡಿಮೆಯಾದಷ್ಟೂ ಏರುವ ಅಳತೆ, ಒಂದು ಅಂಕ ಏರಿದರೆ ಕರಗಿರುವ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. 6.5ರ ಮಣ್ಣಿನಲ್ಲಿ ಸಿಗುವುದಕ್ಕೂ ನಮ್ಮ 8ರ ಆಚೆಯ ಮಣ್ಣಿನಲ್ಲಿ ಸಿಗುವುದಕ್ಕೂ ಎಷ್ಟು ಅಂತರವೆಂದು ನೀನೇ ಊಹಿಸು. ಬೋರಿನ ನೀರಿನಲ್ಲಿ ಸುಣ್ಣದ ಜೊತೆ ಕರಗಿರುವ ಬೈಕಾರ್ಬೊನೇಟ್ ಡಬ್ಬಿಯ ಪಿಎಚ್ಚನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಮೇಲೆ ನೀರು ನಿಂತರೆ ಮಣ್ಣಿನೊಳಗೆ ಗಾಳಿಯಾಡದೆ ಬೈಕಾರ್ಬೊನೇಟ್ ಇನ್ನೂ ಹೆಚ್ಚುತ್ತದೆ. ಹಾಗಾಗಿ ಎಳೆ ಎಲೆ ಹಳದಿಯಾದಾಗ ನೀನು ಮಾಡಬೇಕಾದ ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಡ: ಡಬ್ಬಿಯ ತೂತು ಮುಚ್ಚಿದೆಯೇ ನೋಡು, ತಳದಲ್ಲಿಟ್ಟ ತಾಟು ತೆಗೆ, ಮೇಲಿನ ಎರಡು ಬೆರಳು ಮಣ್ಣು ಒಣಗುವ ತನಕ ನೀರು ನಿಲ್ಲಿಸು. ಎಷ್ಟೋ ಗಿಡ ಇಷ್ಟಕ್ಕೇ ಸುಧಾರಿಸುತ್ತವೆ.

ಸುಧಾರಿಸದಿದ್ದರೆ ಎಲೆಯ ದಾರಿ. ಎಲೆಗೆ ಕಬ್ಬಿಣದ ಉಪ್ಪು ಕೊಟ್ಟರೆ ಹಸಿರು ಮರಳುತ್ತದೆಂದು ಫ್ರಾನ್ಸಿನ ಯೂಸೆಬ್ ಗ್ರಿ 1840ರ ದಶಕದಲ್ಲೇ ತೋರಿಸಿದ್ದ. ಇಂದಿಗೂ ಅದೇ ಔಷಧ: ಫೆರಸ್ ಸಲ್ಫೇಟ್, ನಮ್ಮ ಹಿರಿಯರು ಅನ್ನಭೇದಿ ಅನ್ನುತ್ತಿದ್ದರು, ಜತ್ತದ ಅಂಗಡಿಯಲ್ಲಿ ಹಿರಾಕಸ ಎಂದು ಕೇಳು. ತಿಳಿಹಸಿರು ಹರಳಾಗಿರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ತೆಗೆದುಕೊಳ್ಳಬೇಡ, ಅದು ಆಗಲೇ ಕೆಟ್ಟಿದೆ. ಕರಗಿಸುವುದರಲ್ಲೂ ಒಂದು ಕ್ರಮವಿದೆ. ಬೋರಿನ ನೀರಿಗೆ ನೇರವಾಗಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ನೀರು ಕೆಂಪಗಾಗಿ ತಳದಲ್ಲಿ ತುಕ್ಕು ಕೂರುತ್ತದೆ. ನಿನ್ನ ಡಬ್ಬಿಯ ಮಣ್ಣಿನಲ್ಲಿ ನಡೆಯುವುದನ್ನೇ ಅದು ಕಣ್ಣಮುಂದೆ ತೋರಿಸುತ್ತದೆ. ಮೊದಲು ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಲಿಂಬಿ ಉಪ್ಪು, ಕರಗಿಸು. ಆಮೇಲೆ 2ರಿಂದ 3 ಗ್ರಾಂ ಅನ್ನಭೇದಿ. ಹೊಲಕ್ಕೆ 5 ಗ್ರಾಂ ತನಕ ಹೇಳುತ್ತಾರೆ, ಡಬ್ಬಿಯ ಎಳೆ ಗಿಡಕ್ಕೆ ಕಡಿಮೆಯಿಂದಲೇ ಶುರು ಮಾಡು. ಬಿಸಿಲು ಇಳಿದ ಮೇಲೆ, ಎಲೆಯ ಕೆಳಮೈಗೂ ತಾಗುವಂತೆ ಸಿಂಪಡಿಸು. ವಾರ, ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ ಬೇಕಾಗುತ್ತದೆ. ಪಲ್ಯದ ಎಲೆಗೆ ಸಿಂಪಡಿಸಿದರೆ ಕೊಯ್ಯಲು ಅವಸರ ಮಾಡಬೇಡ, ಕೊಯ್ದಾಗ ಚೆನ್ನಾಗಿ ತೊಳೆ.

ಮಣ್ಣಿಗೇ ಕೊಡಬೇಕೆಂದರೆ ಅನ್ನಭೇದಿ ದಂಡ. ಅಂಗಡಿಯವರು ಚಿಲೇಟೆಡ್ ಐರನ್ ಎಂದು ಕೊಡುವುದರಲ್ಲೂ ಜಾತಿಗಳಿವೆ. ಇಡಿಟಿಎ ರೂಪದ್ದು ಪಿಎಚ್ ಸುಮಾರು 6.5 ದಾಟಿದರೆ ಕಬ್ಬಿಣವನ್ನು ಕೈಬಿಡುತ್ತದೆ, ಡಿಟಿಪಿಎ 7.5ರ ತನಕ ಬರುತ್ತದೆ. ನಮ್ಮ ಮಣ್ಣಿನಲ್ಲಿ ನಿಲ್ಲುವುದು ಇಡಿಡಿಎಚ್ಎ ಒಂದೇ. ಕಪ್ಪುಕೆಂಪು ಕಾಳಿನ ಹಾಗಿರುತ್ತದೆ, ನೀರಿಗೆ ಹಾಕಿದರೆ ರಕ್ತಗೆಂಪು. ತುಟ್ಟಿ ನಿಜ, ಆದರೆ 15 ಲೀಟರಿನ ಡಬ್ಬಿಗೆ ಅರ್ಧ ಗ್ರಾಂ ಸಾಕು. ಪುಡಿಕೆಯ ಮೇಲಿನ ಅಕ್ಷರ ಓದಿಸಿಕೊಂಡೇ ದುಡ್ಡು ಕೊಡು. ಇಡಿಟಿಎ ತಂದು ಮಣ್ಣಿಗೆ ಹಾಕಿ, "ಕಾಕಾ, ಐರನ್ ಹಾಕೀನಿ, ಏನೂ ಆಗಲಿಲ್ಲ" ಎಂದು ಬೇಸರಪಟ್ಟವರನ್ನು ಕಂಡು ನನಗೆ ಸಂಕಟವಾಗಿದೆ. ಅದೇ ಪುಡಿಯನ್ನು ಎಲೆಗೆ ಸಿಂಪಡಿಸಿದ್ದರೆ ಉಪಯೋಗವಾಗುತ್ತಿತ್ತು.

ಕಬ್ಬಿಣದ ಬೆನ್ನಿಗೇ ಸತುವಿನ ಕೊರತೆಯೂ ಇರುತ್ತದೆ, ಅದನ್ನೂ ಕಟ್ಟಿಹಾಕುವುದು ಇದೇ ಸುಣ್ಣ. ಹೊಸ ಎಲೆ ಚಿಕ್ಕದಾಗಿ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಡಿಮೆಯಾಗಿ ತುದಿ ಗೊಂಚಲಿನಂತೆ ಆದರೆ ಸತು ಎಂದು ಅನುಮಾನಿಸು. ಹೊಸ ಎಲೆ ನರ ಸಮೇತ ಪೂರ್ತಿ ಬಿಳಚಿದ್ದರೆ ಗಂಧಕ. ಒಂದೊಂದನ್ನೂ ಬೇರೆ ಬೇರೆ ಹಿಡಿಯಲಾಗದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತರಕಾರಿ ಸ್ಪೆಷಲ್ ಎಂಬ ಪುಡಿ ಇದೆ, ಎಲೆಗೆ ಸಿಂಪಡಿಸಲೆಂದೇ ಮಾಡಿದ ಲಘು ಪೋಷಕಾಂಶಗಳ ಮಿಶ್ರಣ. ಅದರ ಜೊತೆ ಲಿಂಬಿಹಣ್ಣಿನ ರಸವನ್ನೂ ಒಂದಿಷ್ಟು ಶಾಂಪೂವನ್ನೂ ಬೆರೆಸಲು ಅವರೇ ಹೇಳುತ್ತಾರೆ. ಗಡುಸು ನೀರಿರುವ ನಮಗೆ ಆ ಲಿಂಬಿಯನ್ನು ಬಿಡುವಂತಿಲ್ಲ. ಇಂಡಿ ಕಡೆಯ ಲಿಂಬಿ ನಮ್ಮ ಸಂತೆಗೂ ಬರುತ್ತದೆ, ಅದಕ್ಕೇನು ಬರವಿಲ್ಲ. ಪ್ರಮಾಣ ಬೆಳೆಯಿಂದ ಬೆಳೆಗೆ ಬೇರೆ, ಪೊಟ್ಟಣದಲ್ಲಿ ಬರೆದಷ್ಟೇ ಹಾಕು. ಬೋರಾನ್ ಒಂದನ್ನು ಮಾತ್ರ ಅಂದಾಜಿನ ಮೇಲೆ ಕೊಡಬೇಡ. ಸಾಕಷ್ಟು ಎಂಬುದಕ್ಕೂ ವಿಷ ಎಂಬುದಕ್ಕೂ ನಡುವಿನ ಅಂತರ ಅದರಲ್ಲಿ ಬಹಳ ಸಣ್ಣದು.

ಎಲ್ಲ ಹಳದಿಯೂ ಹಸಿವಲ್ಲ, ಇದನ್ನು ಬೆಂಡೆ ಚೆನ್ನಾಗಿ ಕಲಿಸುತ್ತದೆ. ಕಬ್ಬಿಣದ ಕೊರತೆಯಲ್ಲಿ ನರ ಹಸಿರು, ಮೈ ಹಳದಿ ಎಂದೆ. ಬೆಂಡೆಯ ಎಲೆಯಲ್ಲಿ ನರ ಹಳದಿಯಾಗಿ ಬಲೆಯಂತೆ ಹೊಳೆಯುತ್ತ ನಡುವಿನ ಮೈ ಹಸಿರಾಗಿದ್ದರೆ ಅದು ಹಳದಿ ನರ ರೋಗ, ಬಿಳಿನೊಣ ಹರಡುವ ವೈರಸ್. ಮುಂಬೈ ಪ್ರಾಂತದಲ್ಲಿ 1924ರಲ್ಲೇ ಇದನ್ನು ಗುರುತಿಸಿ ಬರೆದಿಟ್ಟಿದ್ದಾರೆ. ಇದಕ್ಕೆ ಯಾವ ಗೊಬ್ಬರವೂ ಇಲ್ಲ. ಗಿಡ ಕಿತ್ತು, ಉಳಿದ ಡಬ್ಬಿಗಳಿಂದ ದೂರ ಒಯ್ದು ಸುಡಬೇಕು. ಮರುಕದಿಂದ ಇಟ್ಟುಕೊಂಡರೆ ಮಿಕ್ಕ ಬೆಂಡೆಗೂ ಅದು ಅಂಟುತ್ತದೆ.

ಮೆಣಸಿನ ಗಿಡದ ಮುಟುರು ರೋಗವೂ ಹೀಗೇ ದಾರಿ ತಪ್ಪಿಸುತ್ತದೆ. ತುದಿ ಎಲೆ ಮುದುಡಿದ್ದು ಕಂಡ ತಕ್ಷಣ ಕ್ಯಾಲ್ಸಿಯಂ ಕಡಿಮೆ, ಬೋರಾನ್ ಕಡಿಮೆ ಎಂದು ಹೇಳುವವರಿಗೆ ಕೊರತೆಯಿಲ್ಲ. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಕವುಚಿದ್ದರೆ ಮೈಟ್ ನುಸಿ. ಬಿಳಿ ಕಾಗದದ ಮೇಲೆ ತುದಿಯನ್ನು ತಟ್ಟಿದರೆ ಸಣ್ಣ ಹಳದಿ ಗೀರಿನಂಥ ಥ್ರಿಪ್ಸ್ ಓಡಾಡುವುದು ಬರಿಗಣ್ಣಿಗೇ ಕಾಣುತ್ತದೆ. ಕಾಗದ ಖಾಲಿಯಿದ್ದು, ಎಲೆ ಕೆಳಮುಖವಾಗಿಯೂ ಕವುಚಿರದಿದ್ದರಷ್ಟೇ ಪೋಷಕಾಂಶದ ಮಾತು.

ಟೊಮ್ಯಾಟೊದ ತಳ ಕಪ್ಪಾಗಿ ಚರ್ಮದಂತೆ ಗುಳಿ ಬೀಳುವುದನ್ನು ನೋಡಿದ್ದೀಯಲ್ಲ? ಸೋರೆ, ದೊಣ್ಣೆ ಮೆಣಸಿನಕಾಯಿಗೂ ಬರುತ್ತದೆ. ಕ್ಯಾಲ್ಸಿಯಂ ಕಾಯಿಯ ತುದಿ ತಲುಪದ್ದರಿಂದ ಆಗುವುದು ಅದು. ಕೂಡಲೇ ತತ್ತಿಯ ಸಿಪ್ಪೆ ಪುಡಿ ಮಾಡಿ ಹಾಕುತ್ತಾರೆ. ನಮ್ಮ ಮಣ್ಣೇ ಸುಣ್ಣ, ನಮ್ಮ ನೀರೇ ಸುಣ್ಣ, ಇನ್ನೆಷ್ಟು ಕ್ಯಾಲ್ಸಿಯಂ ಬೇಕು? ಕ್ಯಾಲ್ಸಿಯಂ ನೀರಿನ ಜೊತೆಗೆ ಮಾತ್ರ ಮೇಲಕ್ಕೆ ಹೋಗುತ್ತದೆ. ಎರಡು ದಿನ ಡಬ್ಬಿ ಒಣಗಿಸಿ ಮೂರನೆಯ ದಿನ ತುಂಬಿ ತುಳುಕಿಸಿದರೆ ಆ ಹರಿವು ಕಡಿದುಹೋಗುತ್ತದೆ. ನೀರು ಸರದಿಯ ಮೇಲೆ ಬರುವ ಊರಿನಲ್ಲಿ ಇದು ತಪ್ಪಿದ್ದಲ್ಲ ಎಂದು ನನಗೆ ಗೊತ್ತು. ಅದಕ್ಕೇ ಡಬ್ಬಿಯ ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಜೋಳದ ರವದಿಯನ್ನೋ ಒಣ ಹೊಟ್ಟನ್ನೋ ಹಾಸು. ಕೊಡ ನೀರನ್ನು ಒಮ್ಮೆಲೇ ಸುರಿಯದೆ ಬೆಳಿಗ್ಗೆ ಸಂಜೆ ಹಂಚಿ ಹಾಕು. ಮೊದಲ ಗೊಂಚಲಿನ ಕಾಯಿ ಕೆಟ್ಟರೂ ಮುಂದಿನವು ಸರಿಯಾಗುತ್ತವೆ.

ಈಗ ನಿಲ್ಲಿಸಬೇಕಾದ ಒಂದು ಅಭ್ಯಾಸ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಒಲೆಯ ಬೂದಿಯನ್ನು ಕುಂಡಕ್ಕೆ ಹಾಕುವುದು. ಮಲೆನಾಡಿನ ಹುಳಿ ಮಣ್ಣಿಗೆ ಬೂದಿ ಒಳ್ಳೆಯ ಗೊಬ್ಬರ. ನಮ್ಮಲ್ಲಿ ಅದು ಪಿಎಚ್ಚನ್ನು ಇನ್ನಷ್ಟು ಏರಿಸಿ ಇದ್ದಬದ್ದ ಕಬ್ಬಿಣ, ಸತುವನ್ನೂ ಕಟ್ಟಿಹಾಕುತ್ತದೆ. ಮನೆ ಕಟ್ಟಿದ ಮೇಲೆ ಉಳಿದ ಸಿಮೆಂಟು ಗಾರೆಯ ಚೂರನ್ನು ನೀರು ಬಸಿಯಲೆಂದು ಡಬ್ಬಿಯ ತಳಕ್ಕೆ ಹಾಕುವುದೂ ಅಷ್ಟೇ ಕೆಟ್ಟದ್ದು. ಹಂಚಿನ ಚೂರು ಹಾಕು.

ಶುದ್ಧ ನೀರಿನ ಘಟಕದಿಂದ ಹೊರಗೆ ಹರಿದು ಹೋಗುವ ನೀರು ದಂಡವಾಗುತ್ತದೆಂದು ಕೆಲವರು ಕೊಡ ತುಂಬಿ ತಂದು ಗಿಡಕ್ಕೆ ಹಾಕುತ್ತಾರೆ. ಬರಗಾಲ ಕಂಡವರಿಗೆ ಹರಿದು ಹೋಗುವ ನೀರನ್ನು ನೋಡುತ್ತ ಸುಮ್ಮನಿರಲು ಆಗುವುದಿಲ್ಲ, ಅವರನ್ನು ತಪ್ಪೆನ್ನಲಾರೆ. ಆದರೆ ಕುಡಿಯುವ ಕ್ಯಾನಿನ ನೀರಿನಿಂದ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇದೆ. ನೆಲ ಒರೆಸಲು ಬಳಸು, ಡಬ್ಬಿಗೆ ಬೇಡ.

ನೀರಿನ ಉಪ್ಪನ್ನು ಅಳೆಯಲು ಪೆನ್ನಿನಂಥ ಟಿಡಿಎಸ್ ಮೀಟರ್ ಸಿಗುತ್ತದೆ, ಓಣಿಗೆ ಒಂದಿದ್ದರೆ ಸಾಕು. ವಿಶ್ವಸಂಸ್ಥೆಯ ಎಫ್ಎಒ 1985ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ನೀರಾವರಿಯ ನೀರು ಲೀಟರಿಗೆ 450 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, 2000 ದಾಟಿದರೆ ಕಷ್ಟ, ನಡುವೆ ಇದ್ದರೆ ಬೆಳೆ ನೋಡಿಕೊಂಡು ನಡೆಯಬೇಕು. ಈ ನಡುವಿನಲ್ಲೇ ನಮ್ಮ ಜಾಣತನ ಇರಬೇಕು. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಉಪ್ಪನ್ನು ತಡೆಯಲಾರವು. ಮೆಣಸಿನಕಾಯಿ ಅವುಗಳಿಗಿಂತ ಸ್ವಲ್ಪ ಮೇಲು, ಟೊಮ್ಯಾಟೊ ಇನ್ನೂ ಗಟ್ಟಿ, ಬೀಟ್‌ರೂಟ್ ಮತ್ತೂ ಗಟ್ಟಿ. ಚವಳಿಕಾಯಿ ಎಲ್ಲವನ್ನೂ ಮೀರಿಸಿದ್ದು. ದ್ರಾಕ್ಷಿಯವರು ಉಪ್ಪು ತಡೆಯುವ ಡಾಗ್ರಿಜ್ ಬೇರಿನ ಮೇಲೆ ಕಸಿ ಕಟ್ಟಿ ಈ ನೆಲದಲ್ಲಿ ಬೆಳೆ ತೆಗೆಯುತ್ತಾರೆ. ನಿನಗೆ ಅಷ್ಟು ತ್ರಾಸಿಲ್ಲ, ಚವಳಿ ಬೀಜ ಊರಿದರೆ ಸಾಕು. ನೀರು ತೀರ ಕೆಟ್ಟ ತಿಂಗಳುಗಳಲ್ಲಿ ಬೀನ್ಸಿನ ಹಟ ಬಿಡು.

ಡಬ್ಬಿಗೆ ಬರೀ ಎರೆಮಣ್ಣು ತುಂಬಬೇಡ. ಒದ್ದೆಯಾದಾಗ ಮುದ್ದೆ, ಒಣಗಿದಾಗ ಬಿರುಕು, ಬಿರುಕಿನಿಂದ ನೀರು ನೇರ ತೂತಿಗೆ ಹೋಗುತ್ತದೆ, ಬೇರು ಒಣಗಿಯೇ ಇರುತ್ತದೆ. ಒಂದು ಪಾಲು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ ಅಥವಾ ದಪ್ಪ ಉಸುಕು. ನಾರಿನ ಪುಡಿಯನ್ನು ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆಯದಿದ್ದರೆ ಅದರೊಳಗಿನ ಉಪ್ಪು ಬೇರೆ ಸೇರುತ್ತದೆ. ಗೊಬ್ಬರದ ವಿಷಯದಲ್ಲಿ ನಾವು ಭಾಗ್ಯವಂತರು. ಮಾಡಗ್ಯಾಳದ ಕುರಿ ದೂರದೂರಕ್ಕೂ ಹೆಸರಾದದ್ದು, ಕುರಿ ಹಿಕ್ಕೆ ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಸತ್ವ ದನದ ಸೆಗಣಿಗಿಂತ ಹೆಚ್ಚು, ಅದಕ್ಕೇ ಹಸಿಯದನ್ನು ಡಬ್ಬಿಗೆ ಹಾಕಿದರೆ ಸಸಿ ಸುಡುತ್ತದೆ. ನೀರು ಚಿಮುಕಿಸಿ ಚೀಲದಲ್ಲಿ ಕಟ್ಟಿ ನೆರಳಿನಲ್ಲಿ ಎರಡು ಮೂರು ತಿಂಗಳು ಇಡು. ಹಿಸುಕಿದರೆ ಪುಡಿಯಾಗಿ ಹಸಿಮಣ್ಣಿನ ವಾಸನೆ ಬರಬೇಕು, ಮೂತ್ರದ ಘಾಟು ಇರಬಾರದು. ಹೀಗೆ ಕಳಿತ ಗೊಬ್ಬರ ಕಬ್ಬಿಣವನ್ನೂ ಸತುವನ್ನೂ ಬೇರಿಗೆ ಸಿಗುವ ರೂಪದಲ್ಲಿ ಹಿಡಿದಿಡುತ್ತದೆ. ನಮ್ಮ ಸುಣ್ಣಕ್ಕೆ ಸಿಕ್ಕುವ ಮದ್ದುಗಳಲ್ಲಿ ಅಗ್ಗದ್ದೂ ಇದೇ, ಬಹುಕಾಲ ಬಾಳುವುದೂ ಇದೇ.

ಎಲ್ಲಕ್ಕಿಂತ ದೊಡ್ಡ ಮದ್ದು ಮಳೆನೀರು. ಅದರಲ್ಲಿ ಸುಣ್ಣವಿಲ್ಲ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಸ್ಲ್ಯಾಬಿಗೆ 20 ಮಿಲಿಮೀಟರಿನ ಒಂದು ಒಳ್ಳೆಯ ಮಳೆಯಾದರೆ 1200 ಲೀಟರ್, ಸೋರಿ ಆರಿ ಹೋದದ್ದನ್ನು ಕಳೆದರೂ ಸಾವಿರ ಎನ್ನು. ನಮ್ಮ ಭಾಗಕ್ಕೆ ಭರವಸೆಯ ಮಳೆಯೆಂದರೆ ಉತ್ತರಿ, ಹಸ್ತ. ಆಗ ಎರಡು ಬ್ಯಾರಲ್ ತುಂಬಿ, ಸೊಳ್ಳೆ ಬೀಳದಂತೆ ಬಟ್ಟೆ ಬಿಗಿದು ಮುಚ್ಚಿಟ್ಟುಕೋ. ದಿನಾ ಹಾಕುವಷ್ಟು ಇರುವುದಿಲ್ಲ. ಸಿಂಪಡಿಸಲು, ಸಸಿಗೆ, ಮತ್ತು ತಿಂಗಳಿಗೊಮ್ಮೆ ಡಬ್ಬಿಯ ಉಪ್ಪು ಕೆಳಗೆ ತೊಳೆದು ಹೋಗುವಂತೆ ಹೊಯ್ಯಲು ಬಳಸು. ಮಳೆ ಬರುವ ದಿನ ಡಬ್ಬಿಗಳನ್ನು ಜಂತಿಯ ಕೆಳಗಿಂದ ಹೊರಗೆ ಎಳೆದಿಡು, ಆ ತೊಳೆಯುವ ಕೆಲಸವನ್ನು ಮಳೆಯೇ ಪುಕ್ಕಟೆ ಮಾಡುತ್ತದೆ. ಕೃಷ್ಣೆಯ ನೀರನ್ನು ಎತ್ತಿ ತರುವ ಮ್ಹೈಸಾಳ ಯೋಜನೆಯ ನೀರು ಸಿಕ್ಕ ದಿನವೂ ಡಬ್ಬಿಗಳಿಗೆ ಒಂದು ಪಾಲು ಎತ್ತಿಡು, ಬೋರಿಗಿಂತ ಅದು ಮೆದು.

ಬ್ರಿಟನ್ನಿನ ಲಾಂಗ್ ಆಶ್ಟನ್ ಸಂಶೋಧನಾ ಕೇಂದ್ರದ ಥಾಮಸ್ ವಾಲೇಸ್ 1943ರಲ್ಲಿ, ಮಹಾಯುದ್ಧದ ನಡುವೆ, ಎಲೆಯ ಬಣ್ಣ ನೋಡಿ ಕೊರತೆ ಗುರುತಿಸುವ ಚಿತ್ರಪುಸ್ತಕವನ್ನೇ ಹೊರತಂದರು. ಇಂದು ಫೋನಿನಲ್ಲಿ ನೀನು ನೋಡುವ ಎಲೆಚಿತ್ರಗಳು ಆ ದಾರಿಯಲ್ಲೇ ಬಂದವು. ಚಿತ್ರ ನೋಡಿ ತೀರ್ಪು ಕೊಡಬೇಡ, ಅನುಮಾನ ಮಾತ್ರ ಪಡು. ಅನುಮಾನವನ್ನು ಗಿಡದ ಮೇಲೇ ಪರೀಕ್ಷಿಸು. ಒಂದೇ ತರಹ ಹಳದಿಯಾದ ನಾಲ್ಕು ಡಬ್ಬಿ ಇದ್ದರೆ ಎರಡಕ್ಕೆ ಮಾತ್ರ ಅನ್ನಭೇದಿ ಸಿಂಪಡಿಸಿ ಎರಡನ್ನು ಬಿಡು. ನಾಲ್ಕಕ್ಕೂ ಒಮ್ಮೆಲೇ ನಾಲ್ಕು ಪುಡಿ ಹಾಕಿದರೆ ಯಾವುದರಿಂದ ಒಳಿತಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಫಲ ನೋಡುವುದು ಹೊಸ ಎಲೆಯಲ್ಲಿ. ಪೂರ್ತಿ ಕೆಟ್ಟ ಹಳೆಯ ಎಲೆ ಮತ್ತೆ ಹಸಿರಾಗಲೆಂದು ಕಾಯಬೇಡ, ಆಗುವುದಿಲ್ಲ.

ವರ್ಷಕ್ಕೊಮ್ಮೆಯಾದರೂ ಬೋರಿನ ನೀರನ್ನು ಪರೀಕ್ಷೆಗೆ ಕಳಿಸು. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಮಿರಜ ತಾಲೂಕಿನ ಕಾಂಚನಪುರದಲ್ಲಿದೆ. ನಮಗೆ ವಿಜಯಪುರವೇ ಹತ್ತಿರ, ಅಲ್ಲಿ ಹಿಟ್ಟಿನಹಳ್ಳಿಯಲ್ಲೂ ಒಂದಿದೆ, ಮಾತೂ ಕನ್ನಡದಲ್ಲೇ ನಡೆಯುತ್ತದೆ. ಹೋಗುವ ಮೊದಲು ಫೋನ್ ಮಾಡಿ ಕೇಳಿಕೋ. ಪಂಪು ಚಾಲೂ ಮಾಡಿ ಕಾಲು ತಾಸು ನೀರು ಹರಿಯಲು ಬಿಡು. ಅರ್ಧ ಲೀಟರಿನ ಸ್ವಚ್ಛ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಒಳಗೆ ಗಾಳಿ ಉಳಿಯದಂತೆ ಬಾಯಿತನಕ ತುಂಬಿ ಬಿಗಿ. ಶೀತಪೇಯದ ಬಾಟಲಿ, ಔಷಧಿ ಬಾಟಲಿ ಬೇಡ. ನಿನ್ನ ಹೆಸರು, ಬೋರಿನ ಆಳ, ದಿನಾಂಕ ಬರೆದ ಚೀಟಿ ಅಂಟಿಸಿ ಮರುದಿನದೊಳಗೆ ಮುಟ್ಟಿಸು. ಪಿಎಚ್, ಲವಣಾಂಶ, ಬೈಕಾರ್ಬೊನೇಟ್, ಬೋರಾನ್ ಈ ನಾಲ್ಕನ್ನೂ ಹೆಸರು ಹಿಡಿದು ಕೇಳು, ಕೇಳದಿದ್ದರೆ ಕೊನೆಯ ಎರಡನ್ನು ಬಿಟ್ಟುಬಿಡುವುದುಂಟು. ವರದಿ ಬಂದ ಮೇಲೆ ತೆಗೆದುಕೊಂಡು ಬಾ, ಕೂತು ನೋಡಿ ಯಾವ ಡಬ್ಬಿಗೆ ಯಾವ ಬೀಜ ಎಂದು ನಿಶ್ಚಯಿಸೋಣ.